ತುಂಡಾದ ಶೇರವಾನಿ

"ಮಾಸ್ತರ, ಕತ್ತರಿಸಿದ್ದನ್ನ ಮತ್ತ ಹಚ್ಚಿ ಕೊಡ್ರಿ!"

ಸುರಪುರದ ಕಚೇರಿ ಗುಮಾಸ್ತರು ತಮ್ಮ ಕರಿ ಕೋಟನ್ನು ನನ್ನ ಹೊಲಿಗೆ ಯಂತ್ರದ ಮೇಲೆ ಎಸೆದರು. ಹೋದ ವಾರದವರೆಗೆ ಅದು ಮೊಣಕಾಲುದ್ದದ ಶೇರವಾನಿಯಾಗಿತ್ತು. ನಿಜಾಮರ ಆಳ್ವಿಕೆ ಮುಗಿಯಿತು, ಇನ್ನು ಶೇರವಾನಿ ನಡೆಯುವುದಿಲ್ಲ ಎಂದು ಅವರೇ ಎದುರಿಗೆ ನಿಂತು ಅದಕ್ಕೆ ಕತ್ತರಿ ಹಾಕಿಸಿದ್ದರು.

"ಈಗೇನಾತ್ರಿ?" ಎಂದೆ.

"ಹೊಸ ಸಾಹೇಬರು ಬಂದಾರ. ಅವರ ಮೈಮ್ಯಾಲೂ ಶೇರವಾನಿನೇ ಐತಿ! ಉಳಿದ ಅರಿವಿ ಎಲ್ಲೈತ್ರಿ?"

ಉಳಿದ ಅರಿವೆ ದರ್ಜಿಗೇ ಎಂಬುದು ನಮ್ಮಲ್ಲಿ ರೂಢಿ. ಅದರಲ್ಲಿ ಹೊಲಿದುಕೊಂಡ ಟೊಪ್ಪಿಗೆ ಆಗ ನನ್ನ ತಲೆಯ ಮೇಲೇ ಇತ್ತು. ತೆಗೆಯಲೋ ಬಿಡಲೋ ತಿಳಿಯದೆ ನಿಂತೆ.

ಅಂದಿನಿಂದ ಯಾರ ಬಟ್ಟೆಯನ್ನೂ ಕತ್ತರಿಸಿ ಗಿಡ್ಡ ಮಾಡುವುದಿಲ್ಲ. ಒಳಗೆ ಮಡಚಿ ಹೊಲಿಯುತ್ತೇನೆ. ಯಾವ ಸರಕಾರಕ್ಕೆ ಎಷ್ಟು ಉದ್ದ ಬೇಕೋ, ನನಗಿನ್ನೂ ತಿಳಿದಿಲ್ಲ.