ಸೈಡಿಂಗ್ ರಸ್ತೆಯಲ್ಲಿ ಸಂಡಿಗೆ

ಆಗೆಲ್ಲ ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಬಿಳಿ ಬಟ್ಟೆಗೆ ಆಯಸ್ಸು ಬೆಳಗ್ಗೆ ಹತ್ತು ಗಂಟೆಯವರೆಗೆ ಮಾತ್ರ. ಭದ್ರಾವತಿ ಎಂದ ಕೂಡಲೇ ಹೊಳೆ, ಗದ್ದೆ, ತಂಪು ಗಾಳಿ ಎಂದು ಕಣ್ಣರಳಿಸುವವರನ್ನು ಕಂಡರೆ ನನಗೆ ಈಗಲೂ ನಗು ಬರುತ್ತದೆ. ನಾವಿದ್ದದ್ದು ಊರಿನ ಮೂಡಲ ಅಂಚಿನಲ್ಲಿ, ಎರಡು ಬೋಳು ಗುಡ್ಡಗಳ ನಡುವಿನ ತಗ್ಗಿನಲ್ಲಿ. ಜಾಲಿ ಮುಳ್ಳು, ನೀರಿಲ್ಲದ ಹಳ್ಳ, ನಾಲ್ಕು ಬೇವಿನ ಮರ. ಅಲ್ಲೇ ಕಲ್ಲಿದ್ದಲು ಸೈಡಿಂಗು. ರೈಲಿನಿಂದ ಇಳಿಸಿದ ಕಲ್ಲಿದ್ದಲನ್ನು ರಾಶಿ ಹಾಕಿ ಲಾರಿಗೆ ತುಂಬುವ ಜಾಗ. ಹತ್ತಕ್ಕೆ ಗುಡ್ಡದ ಸಂದಿಯಿಂದ ಏಳುವ ಗಾಳಿ ಆ ರಾಶಿಯನ್ನು ಸವರಿಕೊಂಡು ನೇರ ನಮ್ಮ ಮನೆಗಳಿಗೆ ಬರುತ್ತಿತ್ತು. ಬೇವಿನ ಎಲೆ ಕಪ್ಪು, ಕುರಿ ಕಪ್ಪು, ಮೂಗು ಸೀಟಿದರೆ ಅದೂ ಕಪ್ಪು.

ಮಕ್ಕಳಿಗೆ ಅದರಿಂದ ಲಾಭವೂ ಇತ್ತು ಅನ್ನಿ. ಕುಂಟೆಬಿಲ್ಲೆಗೆ ಮನೆ ಬರೆಯಲು ಚಾಕ್‌ಪೀಸು ಕದಿಯಬೇಕಿರಲಿಲ್ಲ, ಕಲ್ಲಿದ್ದಲ ಚೂರೇ ಸಾಕಿತ್ತು. ಆದರೆ ನಾನು ಎರಡು ಮನೆ ಕುಂಟುವಷ್ಟರಲ್ಲಿ ಎದೆ ಹಿಡಿದುಕೊಂಡು ಕೂರುತ್ತಿದ್ದೆ. ಐದನೇ ಕ್ಲಾಸು ಮುಗಿದ ಆ ಬೇಸಿಗೆಯಲ್ಲಿ ರಾಶಿಗಳು ದೊಡ್ಡವಾದವು, ನನ್ನ ಉಬ್ಬಸವೂ ದೊಡ್ಡದಾಯಿತು. ಮಲಗಿದರೆ ಉಸಿರು ಸಿಗದೆ, ಗೋಡೆಗೊರಗಿಯೇ ನಿದ್ದೆ ಮಾಡುತ್ತಿದ್ದೆ.

ಅಮ್ಮನಿಗೆ ಸಿಟ್ಟು ನೆತ್ತಿಗೇರಿದ್ದು ಸಂಡಿಗೆಯಿಂದ. ಎರಡು ಸಲ ಅಕ್ಕಿ ಸಂಡಿಗೆ ಇಟ್ಟಳು, ಎರಡೂ ಸಲ ಒಣಗುವ ಮೊದಲೇ ಮಸಿ ಕೂತಿತು. ಕರಿದ ಒಂದನ್ನು ಬಾಯಿಗೆ ಹಾಕಿದಳು. ಹಲ್ಲಿನ ಕೆಳಗೆ ಕರಕರ ಎಂದಿತು. ಉಗಿದು, ನನ್ನನ್ನು ನೋಡಿದಳು.

"ಇದನ್ನ ಉಗೀಬಹುದು. ಮಗು ಎದೆ ಒಳಗೆ ಹೋಗಿದ್ದನ್ನ ಎಲ್ಲಿ ಉಗಿಯೋದು?"

ಪಕ್ಕದ ಮನೆಯ ಸೆಲ್ವಕ್ಕನನ್ನು ಕರೆದುಕೊಂಡು, ತಟ್ಟೆ ತುಂಬ ಆ ಕಪ್ಪು ಸಂಡಿಗೆ ಹಿಡಿದು ಸೈಡಿಂಗಿನ ಸೂಪರ್‌ವೈಸರ್ ಬಳಿ ಹೋದಳು. ರಾಶಿಗೆ ನೀರು ಹೊಡೆಸಿ, ಲಾರಿಗೆ ಟಾರ್ಪಾಲು ಹಾಕಿಸಿ ಎಂದಷ್ಟೇ ಕೇಳಿದ್ದು.

"ನಮ್ ಸೈಡಿಂಗಲ್ಲಿ ಧೂಳೇ ಇಲ್ಲಮ್ಮ. ಅದು ನಿಮ್ ಲೈನಿನ ಧೂಳು" ಎಂದರು ಅವರು.

"ಹೌದಾ ಸಾರ್? ಹಂಗಾದ್ರೆ ಒಂದು ತಿಂದು ನೋಡಿ."

ಅವರು ತಿನ್ನಲಿಲ್ಲ. ಅಮ್ಮ ನಮಸ್ಕಾರ ಹೇಳಿ ಬಂದಳು. ನನ್ನಪ್ಪ ಅದೇ ಸೈಡಿಂಗಿನಲ್ಲಿ ಲಾರಿಗೆ ಲೋಡು ಮಾಡುವವನು. ಸಂಜೆ ಮನೆಗೆ ಬಂದವನೇ ಕೂಗಾಡಿದ.

"ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಕು ಅಂತಿದ್ದೀಯೇನೇ?"

"ನಿಮ್ಮ ಕೆಲಸ ನೀವು ಮಾಡಿ. ನಾನು ಸಂಡಿಗೆ ಇಡ್ತೀನಿ. ಧೂಳಿಲ್ಲದ ಜಾಗ ಸಿಕ್ಕಿದೆ."

ಮಾರನೆಯ ದಿನ ಮೊದಲ ಲಾರಿ ಬರುವ ಮೊದಲೇ ಲೈನಿನ ಹನ್ನೊಂದು ಹೆಂಗಸರು ಸೈಡಿಂಗಿನ ಗೇಟಿನ ಎದುರು, ಲಾರಿ ಹೋಗುವ ರಸ್ತೆಗೆ ಅಡ್ಡಲಾಗಿ, ಒದ್ದೆ ಪಂಚೆಗಳನ್ನು ಅಂಚಿಗೆ ಅಂಚು ಕೂಡಿಸಿ ಹಾಸಿದ್ದರು. ಬಿಸಿ ಹಿಟ್ಟಿನ ಜೀರಿಗೆ, ಹಸಿಮೆಣಸಿನ ಘಮ ಕಲ್ಲಿದ್ದಲಿನ ವಾಸನೆಯ ನಡುವೆ ಎದ್ದಿತು. ನಾನು ಬೆರಳಲ್ಲಿ ಹಿಟ್ಟು ತೋಡಿ ತಿನ್ನುತ್ತ, ಕಾಗೆ ಓಡಿಸುವ ಕೋಲು ಹಿಡಿದು ನಿಂತಿದ್ದೆ. ಅಷ್ಟು ಗತ್ತಿನಿಂದ ನಾನು ಮತ್ತೆಂದೂ ಎಲ್ಲಿಯೂ ನಿಂತಿಲ್ಲ.

ಸೂಪರ್‌ವೈಸರ್ ಬಂದು ಕೂಗಿದರು, "ಏನಿದು?"

"ನೀವೇ ಹೇಳಿದ್ರಲ್ಲ ಸಾರ್, ಇಲ್ಲಿ ಧೂಳಿಲ್ಲ ಅಂತ" ಎಂದಳು ಅಮ್ಮ.

ಅಷ್ಟರಲ್ಲಿ ಲಾರಿ ಬಂತು. "ಹತ್ತಿಸಯ್ಯಾ ಮೇಲೆ!" ಎಂದು ಸೂಪರ್‌ವೈಸರ್ ಕೈಬೀಸಿದರು. ಡ್ರೈವರು ತಲೆ ಹೊರಗೆ ಹಾಕಿ ಕೆಳಗೆ ನೋಡಿದ. ಇಂಜಿನ್ ಆಫ್ ಮಾಡಿದ.

"ಅನ್ನ ತುಳಿಯಲ್ಲ ಸಾರ್. ಇದೇ ಗಾಡೀಲಿ ಹೊಟ್ಟೆ ಹೊರೀತೀನಿ."

ಅವನ ಹಿಂದೆ ಇನ್ನೂ ಮೂರು ಲಾರಿ ನಿಂತವು. ಯಾವನೂ ಚಕ್ರ ಉರುಳಿಸಲಿಲ್ಲ. ಆಗ ಸೂಪರ್‌ವೈಸರ್ ಅಪ್ಪನನ್ನು ಕರೆದರು.

"ನಿನ್ನ ಹೆಂಡ್ತಿ ತಾನೇ? ಎತ್ತು ಇದನ್ನೆಲ್ಲ!"

ಅಪ್ಪ ಚಪ್ಪಲಿ ಬಿಟ್ಟು ಬಂದು, ಪಂಚೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಅಮ್ಮನ ಮುಖ ನೋಡಲಿಲ್ಲ. ಒಂದು ಸಂಡಿಗೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದ.

"ಇನ್ನೂ ಹಸಿ ಇದೆ ಸಾರ್. ಈಗ ಎತ್ತಿದ್ರೆ ಬಟ್ಟೆಗೇ ಅಂಟ್ಕೊಳ್ಳುತ್ತೆ. ಸಂಜೆ ಆಗ್ಬೇಕು."

"ಸಂಡಿಗೆ ಗೊತ್ತಿರೋ ಗಂಡಸರೂ ಇದಾರಲ್ಲ ಮಾರಾಯ್ತಿ!" ಎಂದು ಸೆಲ್ವಕ್ಕ ಅಮ್ಮನನ್ನು ತಿವಿದಳು. ಡ್ರೈವರುಗಳೂ ನಕ್ಕರು.

ಹತ್ತಕ್ಕೆ ಗಾಳಿ ಬಂತು. ಎಲ್ಲರ ಕಣ್ಣೆದುರೇ ಪಂಚೆಗಳು ಕಪ್ಪಾದವು. ಸೂಪರ್‌ವೈಸರ್ ಕನ್ನಡಕ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು, ಆಮೇಲೆ ಆಫೀಸಿನೊಳಗೆ ಹೋಗಿ ಫೋನು ಮಾಡಿದರು. ಮಧ್ಯಾಹ್ನಕ್ಕೆ ನೀರಿನ ಟ್ಯಾಂಕರು ಬಂತು. ವಾರದೊಳಗೆ ಲಾರಿಗಳಿಗೆ ಟಾರ್ಪಾಲೂ ಬಂತು.

ಪುಗಸಟ್ಟೆ ಬರಲಿಲ್ಲ. ಅಪ್ಪನನ್ನು ವ್ಯಾಗನ್ ಖಾಲಿ ಮಾಡುವ ಕೆಲಸಕ್ಕೆ ಹಾಕಿದರು. ಕಾದ ಕಬ್ಬಿಣದೊಳಗೆ ನಿಂತು ಸಲಿಕೆ ಎಳೆಯುವ ಕೆಲಸ. ಸಂಜೆ ಭುಜಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅಮ್ಮನನ್ನು ಬೈಯುತ್ತಿದ್ದ. ಅಮ್ಮ ಇನ್ನಷ್ಟು ಜೋರಾಗಿ ತಿಕ್ಕುತ್ತಿದ್ದಳು. ನಾನು ಆ ಬೇಸಿಗೆಯ ಉಳಿದ ದಿನಗಳಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿ ನಿದ್ದೆ ಮಾಡಿದೆ.

ಸೈಡಿಂಗು ಮುಚ್ಚಿ ಎಷ್ಟೋ ವರ್ಷವಾಯಿತು. ಲೈನಿನವರು ದಿಕ್ಕಿಗೊಬ್ಬರಾದರು. ಅಪ್ಪ ಅಮ್ಮ ಇಬ್ಬರೂ ಇಲ್ಲ. ನಾನೀಗ ಶಿವಮೊಗ್ಗದ ಅಪಾರ್ಟ್‌ಮೆಂಟಿನಲ್ಲಿದ್ದೇನೆ. ಎದುರು ದೊಡ್ಡ ಕಟ್ಟಡ ಏಳುತ್ತಿದೆ. ಜಲ್ಲಿಪುಡಿಯ ಲಾರಿಗಳು ಏನನ್ನೂ ಹೊದೆಯದೆ ಓಡಾಡುತ್ತವೆ. ಮೇಲಿನ ಮನೆಯ ಪುಟ್ಟ ಹುಡುಗಿ ಕೆಮ್ಮುವುದು ನನ್ನ ಅಡುಗೆಮನೆಗೆ ಕೇಳುತ್ತದೆ. "ನಾಳೆ ಎಂಟಕ್ಕೆ ಎದುರು ಕಟ್ಟಡದ ಗೇಟಿನ ಹತ್ತಿರ ಹೋಗಿ, ಲಾರಿಗೆ ಟಾರ್ಪಾಲು ಹಾಕಿಸಿ ಅಂತ ಕೇಳೋಣ" ಎಂದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ. ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಎಂಟಕ್ಕೆ ನಾನು ಹೋದೆ, ಬೇರೆ ಮನುಷ್ಯರು ಬರಲಿಲ್ಲ.

"ಬೇರೆಯವರು ಬರ್ತಾರಾ ಮೇಡಂ?" ಎಂದು ಅಲ್ಲಿನ ವಾಚ್‌ಮನ್ ಕೇಳಿದ.

ಬರುವುದಿಲ್ಲ. ಹತ್ತು ಮನೆಯ ಬಾಗಿಲು ತಟ್ಟಿದರೆ ಹನ್ನೊಂದು ಜನ ಹೊರಬರುತ್ತಿದ್ದ ಕಾಲ ಹೋಯಿತು. ನಾನು ಕಳೆದುಕೊಂಡದ್ದು ಅದನ್ನೇ, ಅದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಗೊತ್ತಿಲ್ಲಪ್ಪ. ಒಂದು ಕುರ್ಚಿ ಇದ್ರೆ ಕೊಡು" ಎಂದೆ.

ಕೊಟ್ಟ. ಗೇಟಿನ ನಟ್ಟನಡುವೆ ಹಾಕಿಕೊಂಡು ಕೂತೆ.