ಗೆರೆ ಇಲ್ಲದ ನಟ್ಟು

ಸವದತ್ತಿ ಹತ್ತಿರದ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸಿನ ಫೈನಲ್‌ಗೆ ಬಾವುಟ ಏಳುವಷ್ಟರಲ್ಲಿ, ಎದುರಾಳಿ ತಂಡದ ಮಿಸ್ತ್ರಿ ಬಸಪ್ಪ ಓಡಿಬಂದು ನಮ್ಮ ಬೈಕಿಗೆ ಅಡ್ಡ ನಿಂತ.

“ಅಣ್ಣಾರ, ಮುಂದಿನ ಗಾಲಿ ನಟ್ಟಿಗೆ ಬಿಳಿ ಗೆರಿ ಎಲ್ಲೈತ್ರಿ?”

ಬಿಗಿದ ನಟ್ಟಿಗೆ ಬಣ್ಣದ ಗೆರೆ ಎಳೆಯುವುದು ನಮ್ಮ ಕಸುಬಿನ ರೂಢಿ. ಗಾಲಿ ಕೂರಿಸಿದವನು ನಾನೇ. ಅಷ್ಟರಲ್ಲಿ ಟೈರಿನವನ ಜೊತೆ ಚೌಕಾಸಿಗಿಳಿದು ಬಿಗಿಯುವುದನ್ನೇ ಮರೆತಿದ್ದೆ. ಮುಟ್ಟಿದರೆ ನಟ್ಟು ಬೆರಳಿಗೇ ತಿರುಗಿತು. ಬೈಕಿನ ಮೇಲಿದ್ದವಳು ನನ್ನ ತಂಗಿಯ ಮಗಳು.

“ಸುಮ್ನಿದ್ದಿದ್ರ ನೀವ ಗೆಲ್ತಿದ್ರಲ್ಲೋ,” ಎಂದೆ.

“ಗೆಲ್ಲಾಕ ಇನ್ನೊಂದ್ ಐತವಾರ ಬರತೈತಿ. ಮಾತ ಬಿಟ್ಟು ಪಾನಾ ಹಿಡೀರಿ!”

ಸ್ಪ್ಯಾನರ್ ತೆಗೆದು ಬಿಗಿದುಕೊಟ್ಟೆ. ಗೆದ್ದವರು ಅವರೇ. ಕೈ ಎಷ್ಟೇ ಪಳಗಿರಲಿ, ನಿಮ್ಮ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಿ. ಸಂಜೆ ತಂಗಿ ಫೋನ್ ಮಾಡಿ, “ಮಗಳು ಹೆಂಗ ಓಡ್ಸಿದ್ಲೋ ಅಣ್ಣಾ?” ಎಂದಾಗ, ಯಾವ ವ್ಯಾಪಾರದಲ್ಲೂ ಸೋಲದ ನಾನು ಬಿಗಿಯಲು ಮರೆತ ನಟ್ಟಿನಿಂದಲೇ ಮಾತು ಶುರುಮಾಡಿದೆ.