ತನ್ನ ತೇಪೆ ತಾನೇ ಬಿಚ್ಚುವ ತಾರೀಖಕ್ಕ

ಬೆಳಿಗ್ಗೆ ಆರು ಗಂಟೆ. ಷೇರು ಪೇಟೆಯ ಮೇಲೆ ಕಣ್ಣಿಡುವ ನಿಯಂತ್ರಣ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರ ಕೆಳಗೆ ಅರವತ್ತೆಂಟರ ಮಹಿಳೆಯೊಬ್ಬರು ಕಂಪ್ಯೂಟರಿನ ಪರದೆಗೆ ಮರದ ಸ್ಕೇಲು ಹಿಡಿದು ಒಂದೊಂದೇ ಸಾಲು ಓದುತ್ತಿದ್ದಾರೆ. ಕೊರಳಲ್ಲಿ ‘ಸಂದರ್ಶಕರು’ ಎಂಬ ಬಿಲ್ಲೆ. ಮೂವತ್ತೊಂದು ವರ್ಷ ದುಡಿದ ಕಚೇರಿಗೆ ಇವರೀಗ ಸಂದರ್ಶಕಿ. ಸಂಬಳವಿಲ್ಲ. ಒಂಬತ್ತಕ್ಕೆ ಸಿಬ್ಬಂದಿ ಬಂದು ಕೂರುವ ಮೊದಲೇ ಎದ್ದು ಹೋಗಬೇಕು. ಹಳಬರು ಇವರನ್ನು ಕರೆಯುವುದು ತಾರೀಖಕ್ಕ ಎಂದು.

“ಇವಳು ರಿಟೈರ್ ಆಗಿರೋದು ಕಚೇರಿಗೆ ಗೊತ್ತು, ಇವಳಿಗೇ ಗೊತ್ತಿಲ್ಲ” ಎನ್ನುತ್ತಾರೆ ದಿನಾ ಸ್ಕೂಟರಿನಲ್ಲಿ ತಂದು ಬಿಡುವ ಅವರ ಯಜಮಾನರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು.

ಕತೆ ಶುರುವಾಗುವುದು 1999ರಲ್ಲಿ. ಆಗ ಕಚೇರಿಯ ಕಂಪ್ಯೂಟರು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. 99 ಮುಗಿದು 00 ಬಂದರೆ ಅದನ್ನು 1900 ಎಂದುಕೊಂಡುಬಿಟ್ಟರೆ? ಸರಿಪಡಿಸಬೇಕಾದ ಪ್ರೋಗ್ರಾಮುಗಳು 840, ಇದ್ದವರು ಏಳು ಜನ, ಉಳಿದದ್ದು ಎಂಟು ತಿಂಗಳು. ಎಲ್ಲ ಕಡೆ ನಾಲ್ಕಂಕಿ ಮಾಡಲು ಎರಡು ವರ್ಷವಾದರೂ ಬೇಕಿತ್ತು. ತಾರೀಖಕ್ಕ ಒಂದು ಉಪಾಯ ಹೇಳಿದರು. ಮೂವತ್ತಕ್ಕಿಂತ ಚಿಕ್ಕ ಅಂಕಿ ಬಂದರೆ ಎರಡು ಸಾವಿರದ ಈಚಿನ ವರ್ಷ, ಮೂವತ್ತು ಅಥವಾ ಅದಕ್ಕಿಂತ ದೊಡ್ಡದು ಬಂದರೆ ಹಳೆಯ ಶತಮಾನದ್ದು ಎಂದು ಕಂಪ್ಯೂಟರನ್ನು ನಂಬಿಸುವುದು.

ಹೊಸ ವರ್ಷದ ಬೆಳಿಗ್ಗೆ ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ಬೆನ್ನು ತಟ್ಟುವವರು ಯಾರು? ಸುಮ್ಮನೆ ಹುಯಿಲೆಬ್ಬಿಸಿದರು ಎಂದು ಮೇಲಿನವರು ನಕ್ಕರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎನ್ನುತ್ತೇವೆ. ಈ ತೇಪೆಗೆ ಇದ್ದದ್ದು ಮೂವತ್ತೇ.

“2030 ಬರೋ ಹೊತ್ತಿಗೆ ಈ ಕಂಪ್ಯೂಟರೇ ಗುಜರಿ ಸೇರಿರತ್ತೆ, ಯಾರೋ ಸರಿ ಮಾಡ್ಕೋತಾರೆ ಅಂದ್ಕೊಂಡ್ವಿ. ಎಲ್ಲೆಲ್ಲಿ ತೇಪೆ ಹಾಕಿದ್ವಿ ಅಂತ ಬರೆದೂ ಇಡಲಿಲ್ಲ. ಅವಸರ ಇತ್ತು ಅಂತೀನಿ. ಸೋಮಾರಿತನಾನೂ ಇತ್ತು.”

ಕಳೆದ ವರ್ಷ ಒಬ್ಬ ಸಣ್ಣ ಷೇರು ದಲ್ಲಾಳಿಯ ಪರವಾನಗಿಯನ್ನು 2030ರವರೆಗೆ ನವೀಕರಿಸಲಾಯಿತು. ಕಂಪ್ಯೂಟರು ಅದನ್ನು 1930 ಎಂದು ಓದಿತು. ಪಾಪ, ಆ ಮನುಷ್ಯ ಹುಟ್ಟುವ ಮೊದಲೇ ಅವರ ಪರವಾನಗಿ ಮುಗಿದುಹೋಗಿತ್ತು. ಕಚೇರಿಯವರು ಅಂಗಡಿ ಬಾಗಿಲಿಗೆ ನೋಟಿಸು ಅಂಟಿಸಿದರು, ಪತ್ರಿಕೆಯಲ್ಲೂ ಹಾಕಿಸಿದರು. ‘ಅವಧಿ ಮುಗಿದ ದಿನಾಂಕ 31-3-30’ ಎಂದು ಅಚ್ಚಾಗಿದ್ದರೂ ಸಹಿ ಹಾಕಿದ ಒಬ್ಬ ಅಧಿಕಾರಿಗೂ ಅದು ಕಾಣಲಿಲ್ಲ.

ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ. ಆದರೂ ಪತ್ರಿಕೆ ಓದಿದ ತಾರೀಖಕ್ಕ ಹೆಗಲು ಮುಟ್ಟಿ ನೋಡಿಕೊಂಡರು. ಮರುದಿನವೇ ಕಚೇರಿಗೆ ಹೋಗಿ, ಇದು ನನ್ನ ತಪ್ಪು, ಉಳಿದದ್ದನ್ನೂ ನಾನೇ ಹುಡುಕಿ ತೆಗೆಯುತ್ತೇನೆ ಎಂದರು. ಕಚೇರಿಯವರು ಒಪ್ಪಿ ನೋಟಿಸು ಕೀಳುವಷ್ಟರಲ್ಲಿ ಹನ್ನೊಂದು ದಿನ ಕಳೆದಿತ್ತು, ದಲ್ಲಾಳಿಯ ಗಿರಾಕಿಗಳು ಬೇರೆ ಬಾಗಿಲು ನೋಡಿಕೊಂಡಿದ್ದರು.

ಹುಡುಕುವ ಕೆಲಸ ಕಂಪ್ಯೂಟರಿಗೆ ಬಿಡುವಂತಿಲ್ಲ. ಪ್ರೋಗ್ರಾಮಿನೊಳಗೆ ‘ವರ್ಷ’ ಎಂಬುದಕ್ಕೆ ಬರೆದವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ, ಒಬ್ಬ ಮಹಾನುಭಾವರು ಮಗಳ ಮುದ್ದು ಹೆಸರನ್ನೇ ಇಟ್ಟಿದ್ದಾರೆ. ಕಣ್ಣಿಂದಲೇ ಓದಬೇಕು. ದಿನಕ್ಕೆ ಮೂರು ಪ್ರೋಗ್ರಾಮು ಮುಗಿದರೆ ಅದೃಷ್ಟ. ಇನ್ನೂ 228 ಇವೆ, ಎಡಗಣ್ಣಿಗೆ ಪೊರೆ ಬರುತ್ತಿದೆ. “ಇನ್ನೊಬ್ಬರ ಬಾಗಿಲಿಗೆ ನೋಟಿಸು ಬೀಳೋ ಮೊದಲು ಮುಗಿಸಬೇಕು.”

ಹೋದ ತಿಂಗಳು ದಲ್ಲಾಳಿಯ ಮನೆಗೂ ಹೋಗಿ ಬಂದಿದ್ದಾರೆ. ಅವರು ಕುರ್ಚಿ ಕೊಟ್ಟರು, ನೀರು ಕೊಟ್ಟರು, ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ: “ನನ್ನ ತಪ್ಪಲ್ಲ ಅಂತ ನನಗೆ ಗೊತ್ತು, ನಿಮಗೆ ಗೊತ್ತು. ನಮ್ಮ ಬೀದಿಗೆ ಯಾರು ಹೇಳ್ತಾರಮ್ಮ?”

ತಪ್ಪು ದಲ್ಲಾಳಿಯದಲ್ಲ ಎಂದು ಒಂದು ಪತ್ರ ಬರೆದುಕೊಡಿ ಎಂದು ತಾರೀಖಕ್ಕ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ಅದಕ್ಕೆ ನಿಯಮವಿಲ್ಲ ಎಂಬ ಉತ್ತರ ಬಂದಿದೆ. ನೋಟಿಸು ಅಂಟಿಸಲು ಮಾತ್ರ ನಿಯಮವಿತ್ತು ನೋಡಿ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಸ್ಕೇಲು ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಾರೆ.

“ಇಷ್ಟು ವರ್ಷದಲ್ಲಿ ಈ ಕಚೇರಿಯ ಒಂದು ಕಾಗದದಲ್ಲೂ ನನ್ನ ಹೆಸರು ಬಂದಿಲ್ಲ. ಬೇಕು ಅಂತಾನೂ ಅನ್ನಿಸಿರಲಿಲ್ಲ. ಆ ಪತ್ರ ಬರೆದರೆ, ತಪ್ಪು ಯಾರದು ಅನ್ನೋ ಕಡೆ ನನ್ನ ಹೆಸರು ಹಾಕಲಿ.”